ಚಿಕ್ಕ ತಟ್ಟೆಯ ದೆಲ್ಮಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಳೆ ದಂಡೆಯ ಔಷಧಿ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿದೆ. ಹಾಲಿನ ಕ್ರೇಟೊಂದನ್ನು ಬೋರಲು ಹಾಕಿ, ಸರಿಯಾಗಿ ಮಡಚಲು ಬಾರದ ಎಡಗಾಲನ್ನು ಮುಂದಕ್ಕೆ ಚಾಚಿ ದೆಲ್ಮಾ ಕೂತಿದ್ದಾಳೆ. ಎದುರಿಗೆ ಅವಳ ಹಸಿರು ಸೈಕಲ್ಲು. ಪೆಡಲಿನ ಬಳಿಯ ಹಲ್ಲಿನ ತಟ್ಟೆಯ ಮೇಲಿರುವ ಚೈನನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆಯುತ್ತಾಳೆ. ಕತ್ತು ಓರೆ ಮಾಡಿ ಕೊಂಡಿಗೂ ಹಲ್ಲಿಗೂ ನಡುವೆ ಇಣುಕುತ್ತಾಳೆ. ಆ ಸಂದಿಯಲ್ಲಿ ಬೆಳಕು ಕಂಡರೆ ಚೈನು ಸವೆದು ಉದ್ದವಾಗಿದೆ ಎಂದು ಲೆಕ್ಕ. ಇವತ್ತು ಕಾಣುವುದಿಲ್ಲ. "ಇನ್ನೂ ಹಲ್ಲು ಕಚ್ಕೊಂಡಿದೆ, ನನ್ ಹಾಗೇ" ಎಂದು ಎದ್ದು ಹಳೇ ಲುಂಗಿಯಂಥ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾಳೆ.

ಅಂಗಡಿಯ ಯಜಮಾನಿ ನೆರೀನಾ ಒಳಗಿನಿಂದ ಬೆತ್ತದ ಪೆಟ್ಟಿಗೆ ತಂದು ಸೈಕಲ್ಲಿನ ಹಿಂಬದಿಗೆ ಬಿಗಿಯುತ್ತಾಳೆ. ಅದರ ತುಂಬ ಪುಟ್ಟ ಪುಟ್ಟ ಕಾಗದದ ಪೊಟ್ಟಣಗಳು, ಒಂದೊಂದರ ಮೇಲೂ ಒಂದೊಂದು ಹೆಸರು. ಮೇಲೂರಿನ ಮುದುಕ ಮುದುಕಿಯರು ಈ ದಿನ ನುಂಗಬೇಕಾದ ಮಾತ್ರೆಗಳು ಅವು. ತಿಂಗಳ ಮಾತ್ರೆ ಒಟ್ಟಿಗೆ ಕೈಗೆ ಕೊಟ್ಟರೆ ಕೆಲವರು ಬೆಳಗಿನದನ್ನು ಎರಡು ಸಲ ನುಂಗುತ್ತಾರೆ, ಕೆಲವರು ವಾರಗಟ್ಟಲೆ ಮರೆಯುತ್ತಾರೆ, ಒಬ್ಬಾತ ಕೋಳಿಗೆ ಹಾಕಿದ್ದೂ ಉಂಟು. ಆದ್ದರಿಂದ ನಮ್ಮೂರು ಮೊಂತೆಲಾನಾದಲ್ಲಿ ದಿನದ ಮಾತ್ರೆ ದಿನವೇ ಗುಡ್ಡ ಹತ್ತಬೇಕು. ಮೇಲೂರಿನ ಓಣಿಗಳಲ್ಲಿ ಮೋಟಾರು ಗಾಡಿಗೆ ಅಪ್ಪಣೆಯಿಲ್ಲ, ಜಾಗವೂ ಇಲ್ಲ. ಹಾಗಾಗಿ ಮಾತ್ರೆ ಹತ್ತುವುದು ದೆಲ್ಮಾಳ ಸೈಕಲ್ಲಿನ ಮೇಲೆ.

ಅವಳೂ ನಾನೂ ಒಂದೇ ವಾರಿಗೆಯವರು. ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನಮ್ಮಿಬ್ಬರ ಅಡುಗೆಮನೆಗೆ ನಡುವೆ ಇರುವುದು ಒಂದೇ ಗೋಡೆ. ಇಲ್ಲಿ ಅವಳನ್ನು "ಅವರು, ಇವರು" ಎಂದು ಬರೆದರೆ ಭಾನುವಾರದ ಪೇಪರು ಓದಿ ಅವಳೇ ಬಿದ್ದು ಬಿದ್ದು ನಗುತ್ತಾಳೆ. ಅದಕ್ಕೇ ಏಕವಚನ.

ಕೆಳಪೇಟೆಯಿಂದ ಹೊರಟ ರಸ್ತೆ ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಸುತ್ತು ಹಾಕುತ್ತ ಹೋಗಿ, ಕಲ್ಲಿನ ನೀರಿನ ತೊಟ್ಟಿಯ ಬಳಿ ಒಂದು ಕ್ಷಣ ಸುಧಾರಿಸಿಕೊಳ್ಳುತ್ತದೆ. ಅಲ್ಲಿಂದಾಚೆ ನೆಟ್ಟನೆಯ ಏರು. ಏರಿನ ತುದಿಗೆ ಮೇಲೂರಿನ ಕಮಾನು. ಏರಿನ ನಟ್ಟನಡುವೆ, ಯಾರ ಏದುಸಿರೂ ತಪ್ಪಿಸಿಕೊಳ್ಳದ ಜಾಗದಲ್ಲಿ, ಕಾಫಿ ಅಂಗಡಿ. ಬೆಳಗಾಗುವ ಮೊದಲೇ ಅಲ್ಲಿ ನಮ್ಮೂರ ಹಳೇ ಸೈಕಲ್ ಸವಾರರ ಮಂಡಲಿ ಕೂತಿರುತ್ತದೆ. ಹೆಚ್ಚಿನವರಿಗೆ ಅರವತ್ತು ದಾಟಿದೆ, ಆದರೂ ತೊಡೆಗೆ ಅಂಟಿದ ಚಡ್ಡಿ ಬಿಟ್ಟಿಲ್ಲ. ನಮ್ಮ ಮನೆಯವರೂ ಅಲ್ಲೇ ಇರುತ್ತಾರೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ದೆಲ್ಮಾ ತೊಟ್ಟಿಯ ಹತ್ತಿರ ಬರುತ್ತಾಳೆ. ಏರು ಶುರುವಾಗುವುದಕ್ಕೆ ಹತ್ತು ಮಾರು ಮುಂಚೆಯೇ ಪೆಡಲಿನ ಮೇಲಿನ ಭಾರ ಸಡಿಲಿಸುತ್ತಾಳೆ. ಬರೀ ಕಾಲು ತಿರುಗುತ್ತಿದೆ, ಒತ್ತುತ್ತಿಲ್ಲ. ಕೈ ಗೇರಿನ ಹಿಡಿಗೆ ಹೋಗುತ್ತದೆ. ಬೆರಳು ಆಡುತ್ತದೆ. 'ಟಕ್' ಎಂದು ಚೈನು ದೊಡ್ಡ ತಟ್ಟೆಯಿಂದ ಚಿಕ್ಕ ತಟ್ಟೆಗೆ ಇಳಿಯುತ್ತದೆ. ಅಷ್ಟಕ್ಕೇ ಕಾಯುತ್ತಿದ್ದ ಮಂಡಲಿ ಕಾಫಿ ಚಮಚಗಳನ್ನು ಎತ್ತಿಕೊಂಡು ಬಸಿಯ ಮೇಲೆ ಒಂದೇ ಸಮನೆ ಬಡಿಯುತ್ತದೆ. ಕಣಕಣ ಕಣಕಣ. ಗೋಡೆಗೆ ಗೋಡೆಗೆ ತಾಗಿ ಆ ಸದ್ದು ಕಮಾನು ದಾಟಿ ಮೇಲಕ್ಕೆ ಹೋಗುತ್ತದೆ. ದೆಲ್ಮಾ ಒಲೆಯ ಮೇಲೆ ಮೆಕ್ಕೆಜೋಳದ ಪೊಲೆಂತಾ ಗಂಜಿ ತೊಳಸುವವಳ ಹಾಗೆ ಅವಸರವಿಲ್ಲದೆ ಕಾಲು ತಿರುಗಿಸುತ್ತ ಅವರ ಮುಂದೆಯೇ ಹಾದುಹೋಗುತ್ತಾಳೆ. "ಜೋರಾಗಿ ಬಡೀರಪ್ಪಾ, ನಿದ್ದೆ ಬಿಟ್ಟಿಲ್ವಾ" ಎಂದು ಹೇಳಿಯೇ ಹೋಗುತ್ತಾಳೆ.

ಈ ಚಮಚದ ಪದ್ಧತಿ ನಮ್ಮೂರಿನದೇ, ಪಕ್ಕದೂರಿನಲ್ಲಿ ಕೇಳಿದರೆ ನಗುತ್ತಾರೆ. ಸೈಕಲ್ಲಿನ ದೊಡ್ಡ ತಟ್ಟೆಯನ್ನು ನಾವು ಬಾಣಲೆ ಎನ್ನುತ್ತೇವೆ. ಕಮಾನಿನವರೆಗೂ ಬಾಣಲೆಯಲ್ಲೇ ಹತ್ತಿದವನು ಗಂಡಸು. ತೊಟ್ಟಿಯ ಬಳಿ ಚಿಕ್ಕ ತಟ್ಟೆಗೆ ಇಳಿದವನಿಗೆ ಚಮಚ. ಇದನ್ನು ಶುರುಮಾಡಿದವನು ಒರಿಯಾನೊ. ಕಲ್ಲು ಕೆಲಸದಿಂದ ನಿವೃತ್ತನಾದ, ಭುಜ ಇನ್ನೂ ಬಾಗಿಲಷ್ಟು ಅಗಲ ಇರುವ ಮನುಷ್ಯ. ಹರೆಯದಲ್ಲಿ ಕಣಿವೆಯ ಪಂದ್ಯವೊಂದನ್ನು ಗೆದ್ದದ್ದನ್ನು ಇವತ್ತಿಗೂ ನಿನ್ನೆ ನಡೆದದ್ದೆಂಬಂತೆ ಹೇಳುತ್ತಾನೆ. ಬಾಣಲೆ ಇಳಿಸುವುದೂ ಮೀಸೆ ಇಳಿಸುವುದೂ ಒಂದೇ ಎಂಬುದು ಅವನ ಸಿದ್ಧಾಂತ. ಅವನ ಚೈನು ವರ್ಷಕ್ಕೆರಡು ಸಲ ಹೋಗುತ್ತದೆ. ನಮ್ಮ ಮನೆಯವರದೂ ಹಾಗೆಯೇ. ಒಮ್ಮೆ ಏರಿನ ಮಧ್ಯೆ ಚೈನು ಕಿತ್ತು ಉರುಳಿಬಿದ್ದವರು, ರಸ್ತೆಯ ಮೇಲೆ ಅಂಗಾತ ಮಲಗಿಕೊಂಡೇ "ಬಾಣಲೇಲೇ ಇದ್ದೆ ತಾನೇ?" ಎಂದು ಕೇಳಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ದೆಲ್ಮಾಳ ಚೈನು ಮಾತ್ರ ಹಾಗೆ ಹೋಗುವುದಿಲ್ಲ. ಯಾಕೆ ಎಂದು ನಾನು ಕೇಳಿದ್ದಕ್ಕೆ ಅವಳು ಸೈಕಲ್ಲನ್ನು ನನ್ನ ಅಡುಗೆಮನೆಯ ಒಳಗೇ ತಂದು ನಿಲ್ಲಿಸಿ, ಒರೆಸಿದ ನೆಲ ಹಾಳುಮಾಡಿ ತೋರಿಸಿದಳು. ಮುಂದೆ ಎರಡು ತಟ್ಟೆ: ಹೊರಗಡೆ ಬಾಣಲೆ, ಒಳಗಡೆ ಚಿಕ್ಕದು. ಹಿಂದಿನ ಗಾಲಿಯಲ್ಲಿ ಏಳು ಬಿಲ್ಲೆಗಳು: ಗಾಲಿಗೆ ಒತ್ತಿಕೊಂಡಿರುವುದು ಎಲ್ಲಕ್ಕಿಂತ ದೊಡ್ಡದು, ಹೊರತುದಿಯದು ಎಲ್ಲಕ್ಕಿಂತ ಚಿಕ್ಕದು. ಏರು ಬಂದಾಗ ಹಿಂದೆ ದೊಡ್ಡ ಬಿಲ್ಲೆ ಬೇಕೇ ಬೇಕು. ಮುಂದೆ ಬಾಣಲೆಯನ್ನು ಬಿಡದೆ ಹಿಂದೆ ದೊಡ್ಡ ಬಿಲ್ಲೆಗೆ ಹೋದರೆ ಚೈನು ಹೊರಗಿನಿಂದ ಒಳಕ್ಕೆ ಓರೆಯಾಗಿ ಎಳೆದುಕೊಳ್ಳುತ್ತದೆ. ಕೊಂಡಿಗಳು ಪಕ್ಕಕ್ಕೆ ಉಜ್ಜುತ್ತವೆ, ಸವೆದ ಚೈನು ಹಲ್ಲುಗಳನ್ನೂ ತಿಂದುಹಾಕುತ್ತದೆ. ಚಿಕ್ಕ ತಟ್ಟೆಗೆ ಹೊರತುದಿಯ ಚಿಕ್ಕ ಬಿಲ್ಲೆ ಜೋಡಿಸಿದರೂ ಇದೇ ಪಾಡು, ಓರೆ ಮಾತ್ರ ಈ ಕಡೆಗೆ.

"ಬಾಣಲೆ ಇದ್ದಾಗ ಹೊರಗಿನ ಬಿಲ್ಲೆಗಳು, ಚಿಕ್ಕದಿದ್ದಾಗ ಒಳಗಿನವು. ಚೈನು ನೆಟ್ಟಗಿರ್ಬೇಕು ಅಷ್ಟೇ" ಎನ್ನುತ್ತಾಳೆ. "ಷೂ ಫ್ಯಾಕ್ಟರೀಲಿ ಹೊಲಿಗೆ ಮಿಷನ್ ಮುಂದೆ ಅರ್ಧ ಆಯಸ್ಸು ಕಳೆದೋಳು ನಾನು. ದಾರ ಓರೆಯಾಗಿ ಹೋದ್ರೆ ಸೂಜಿ ಕಣ್ಣೇ ಅದನ್ನ ತಿನ್ನುತ್ತೆ. ಚೈನು ಅಂದ್ರೇನು, ಕಬ್ಬಿಣದ ದಾರ."

ಸಮತಟ್ಟಿನಲ್ಲೂ ಅವಳು ದಿನಾ ಒಂದೇ ಬಿಲ್ಲೆಗೆ ಕೂರುವುದಿಲ್ಲ. ಒಂದರ ಮೇಲೇ ಭಾರ ಹಾಕಿದರೆ ಅದೊಂದೇ ಬೇಗ ಸವೆದು, ಹೊಸ ಚೈನು ಹಾಕಿದ ದಿನ ಜಿಗಿಯಲು ಶುರುಮಾಡುತ್ತದಂತೆ. ಮಕ್ಕಳಿಗೆ ಮನೆಗೆಲಸ ಹಂಚಿದ ಹಾಗೆ ಹಂಚಿಕೊಡಬೇಕು ಎನ್ನುತ್ತಾಳೆ. ಶನಿವಾರ ಸಂಜೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ಉಜ್ಜಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಮಿಕ್ಕಿದ್ದನ್ನು ಒರೆಸಿ ತೆಗೆಯುತ್ತಾಳೆ. ಎಣ್ಣೆ ಹೆಚ್ಚಾದರೆ ದೂಳು ಅಂಟುತ್ತದೆ, ದೂಳು ಅಂಟಿದರೆ ಅದೇ ಅರ. ಹೊಸ ಚೈನು ದುಬಾರಿಯೇ ಎಂದು ಕೇಳಿದೆ. ದುಡ್ಡಿನ ಮಾತಲ್ಲ ಎಂದಳು. ಮತ್ತೆ ಯಾವ ಮಾತು ಎಂದು ಅವತ್ತು ಹೇಳಲಿಲ್ಲ.

ಷೂ ಕಾರ್ಖಾನೆ ಮುಚ್ಚಿದ ವರ್ಷ ದೆಲ್ಮಾ ಕೆಲಸವಿಲ್ಲದೆ ಕೂತಳು. ಗಂಡ ಮೊದಲೇ ಬೇರೆ ದಾರಿ ಹಿಡಿದಿದ್ದ. ಆ ಚಳಿಗಾಲ ಅವಳ ಒಲೆಯ ಮೇಲೆ ಏನಿತ್ತು ಏನಿರಲಿಲ್ಲ ಎಂದು ಗೋಡೆಯ ಈಚೆಗಿದ್ದ ನನಗೆ ಗೊತ್ತು. ನಾನು ರೊಟ್ಟಿ ಸುಟ್ಟಾಗ ನಾಲ್ಕು ಹೆಚ್ಚಿಗೆ ಸುಟ್ಟು "ಹಿಟ್ಟು ಮಿಕ್ಕಿತು" ಎಂದು ಸುಳ್ಳು ಹೇಳಿ ಕೊಡುತ್ತಿದ್ದೆ. ಅವಳೂ ನಂಬಿದ ಹಾಗೆ ನಟಿಸಿ ತೆಗೆದುಕೊಳ್ಳುತ್ತಿದ್ದಳು. ಅಂಥ ಹೊತ್ತಿನಲ್ಲಿ ನೆರೀನಾ ಕರೆದು ಈ ಕೆಲಸ ಕೊಟ್ಟಳು. ಸೈಕಲ್ಲು ನೆರೀನಾಳ ತಂದೆಯದು. ಅಂದಿನಿಂದ ಭಾನುವಾರವೊಂದು ಬಿಟ್ಟು ಒಂದು ದಿನವೂ ಅವಳು ಏರು ತಪ್ಪಿಸಿಲ್ಲ. ಶನಿವಾರ ಪೊಟ್ಟಣ ಎರಡು ದಿನದ್ದು. ಇಪ್ಪತ್ತಕ್ಕೂ ಮಿಕ್ಕಿದ ಮನೆಗಳು, ಒಂದೊಂದು ಮನೆಯಲ್ಲೂ ಒಂದೊಂದು ಕಥೆ. ಒಬ್ಬರಿಗೆ ಪೊಟ್ಟಣ ಒಡೆದು ಕೈಗೆ ಹಾಕಬೇಕು, ಒಬ್ಬರಿಗೆ ಬಾಟಲಿಯ ಮುಚ್ಚಳ ತೆಗೆದುಕೊಡಬೇಕು, ಒಬ್ಬರಿಗೆ ಬೆಕ್ಕು ರಾತ್ರಿ ಮಾಡಿದ ಕಿತಾಪತಿ ಪೂರ್ತಿ ಕೇಳಬೇಕು. ಸಂಬಳ ಕೊಡುವುದು ಪೊಟ್ಟಣ ತಲುಪಿಸಿದ್ದಕ್ಕೆ ಮಾತ್ರ.

ಕಮಾನು ದಾಟಿದ ಕೂಡಲೇ ಸಿಗುವ ಮೊದಲ ಮನೆ ಆರ್ಜಿಯಾ ಟೀಚರದು. ತೊಂಬತ್ತರ ಹತ್ತಿರ ಬಂದ ಆರ್ಜಿಯಾ ಟೀಚರ್ ಈ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಒರಿಯಾನೊನಿಗೂ, ದೆಲ್ಮಾಳಿಗೂ. ಮನೆ ಮೊದಲ ಮಹಡಿಯಲ್ಲಿದೆ. ಓಣಿಯಿಂದ ಬಾಗಿಲಿಗೆ ಹೋಗಲು ಹೊರಗಡೆಯ ಕಡಿದಾದ ಕಲ್ಲು ಮೆಟ್ಟಿಲು. ದೆಲ್ಮಾ ಹತ್ತಿ ಹೋದಾಗ ಒಲೆಯ ಮೇಲೆ ಕಾಫಿ ಆಗಲೇ ಉಕ್ಕಿ ಬಂದಿರುತ್ತದೆ. ಎರಡು ಪುಟ್ಟ ಲೋಟ, ಸೋಂಪು ಹಾಕಿದ ಬಿಸ್ಕತ್ತು. ನಾನು ಅವಳ ಹಿಂದೆ ಹೋದ ದಿನವೂ ಹಾಗೇ ಇತ್ತು. ಇವಳು ಬರುವ ಹೊತ್ತಿಗೆ ಸರಿಯಾಗಿ ಹೇಗೆ ಇಟ್ಟಿರಿ ಎಂದರೆ ಟೀಚರ್ ಕಿಟಕಿಯ ಕಡೆ ನೋಡಿ ನಕ್ಕರು.

ಈ ಲೇಖನ ಇಲ್ಲಿಗೇ ಮುಗಿಯಬೇಕಾಗಿತ್ತು. ಒಂದು ಫೋಟೊ, ಕೊನೆಗೊಂದು ಒಳ್ಳೆಯ ಮಾತು, ಸಂಪಾದಕರಿಗೆ ರವಾನೆ. ಆದರೆ ಅಷ್ಟರಲ್ಲಿ ದೆಲ್ಮಾಳ ಮೊಣಕಾಲು ಇನ್ನು ಆಗುವುದಿಲ್ಲ ಎಂದಿತು. ವೈದ್ಯರು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರು. ಎರಡು ತಿಂಗಳು ಸೈಕಲ್ಲು ಮುಟ್ಟುವ ಹಾಗಿಲ್ಲ. ಯಾರು ಹತ್ತುತ್ತಾರೆ ಎಂದು ನೆರೀನಾ ತಲೆಮೇಲೆ ಕೈಹೊತ್ತು ಕೂತಾಗ, ಕಾಫಿ ಅಂಗಡಿಯಿಂದ ಎದ್ದು ಬಂದವನು ಯಾರು ಅಂದುಕೊಂಡಿರಿ? ಒರಿಯಾನೊ. "ಎರಡು ತಿಂಗಳು ತಾನೇ, ಕಣ್ಮುಚ್ಚಿ ಬಿಡೋದ್ರೊಳಗೆ ಆಗೋಗತ್ತೆ" ಎಂದನಂತೆ. ಸಂಬಳದ ಮಾತೆತ್ತಿದರೆ ಜಗಳಕ್ಕೇ ಬಂದನಂತೆ. ಬೆತ್ತದ ಪೆಟ್ಟಿಗೆ ಬೇರೆ ಸೈಕಲ್ಲಿಗೆ ಕೂರುವುದಿಲ್ಲ, ಆದ್ದರಿಂದ ಹತ್ತಬೇಕಾದದ್ದು ದೆಲ್ಮಾಳ ಹಸಿರು ಸೈಕಲ್ಲಿನ ಮೇಲೇ.

ಬಾಯಿಬಡುಕ ಎಂದು ಅವನನ್ನು ಆಡಿಕೊಂಡ ನಾನೇ ಈಗ ಹೇಳಬೇಕು, ಒರಿಯಾನೊ ಒಂದು ದಿನವೂ ತಡಮಾಡಲಿಲ್ಲ. ಮಳೆಯಲ್ಲೂ ಹೋದ, ಗಾಳಿಯಲ್ಲೂ ಹೋದ. ಆದರೆ ತೊಟ್ಟಿಯ ಬಳಿ ಬಂದಾಗ ಅವನ ಬೆರಳು ಆಡಲಿಲ್ಲ. ಗೆಳೆಯರ ಎದುರಿಗೆ, ತಾನೇ ಹಾಕಿದ ಪದ್ಧತಿಯ ಎದುರಿಗೆ, ಆಡುವುದಾದರೂ ಹೇಗೆ? ಬಾಣಲೆಯಲ್ಲೇ, ಪೆಡಲಿನ ಮೇಲೆ ಎದ್ದು ನಿಂತು, ಕಾಫಿಬೀಜ ಅರೆಯುವ ಸದ್ದು ಮಾಡಿಕೊಂಡು ಹತ್ತಿದ. ಮಂಡಲಿ ತಲೆದೂಗಿತು. ಚಮಚಗಳು ಬಸಿಯ ಪಕ್ಕದಲ್ಲಿ ಸುಮ್ಮನೆ ಬಿದ್ದಿದ್ದವು. ಬೆಳಗಿನ ಏರಿನಲ್ಲಿ ಅಂಥ ಮೌನ ಬಹಳ ವರ್ಷದಿಂದ ಇರಲಿಲ್ಲ ಎಂದು ನಮ್ಮ ಮನೆಯವರು ಹೆಮ್ಮೆಯಿಂದಲೇ ವರದಿ ಒಪ್ಪಿಸಿದರು.

ಆಸ್ಪತ್ರೆಯಿಂದ ಬಂದು ಎರಡು ವಾರವಾಗಿತ್ತು. ದೆಲ್ಮಾ ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡು ತನ್ನ ಅಡುಗೆಮನೆಯಲ್ಲಿ ಕೂತಿದ್ದಾಳೆ, ನಾನು ಸಾರು ತಂದಿದ್ದೇನೆ. ಒರಿಯಾನೊ ಸೈಕಲ್ಲು ತೋರಿಸಲೆಂದು ಬರುತ್ತಾನೆ. ಮೇಲೂರಿನವರೆಲ್ಲ ಹೇಗಿದ್ದಾರೆ ಎಂದು ಅವಳು ಒಬ್ಬೊಬ್ಬರ ಹೆಸರೂ ಹಿಡಿದು ಕೇಳುತ್ತಾಳೆ. ಅವನು ಎದೆಯುಬ್ಬಿಸಿ ಹೇಳುತ್ತಾನೆ.

"ಟೀಚರ್ ಅಂತೂ ನನ್ನ ಎದುರುಗೊಳ್ಳೋಕೆ ದಿನಾ ಹೊರಗೇ ಬಂದು ನಿಂತಿರ್ತಾರೆ, ಮೆಟ್ಟಿಲ ಮೇಲೆ. ಶಾಲೇಲಿ ಮೂಲೇಲಿ ನಿಲ್ಲಿಸ್ತಿದ್ದ ಹುಡುಗನಿಗೆ ಈಗ ಎಷ್ಟು ಮರ್ಯಾದೆ ನೋಡು."

ಸಾರು ಕುಡಿಯುತ್ತಿದ್ದ ದೆಲ್ಮಾ ಅಲ್ಲಿಗೇ ನಿಲ್ಲಿಸಿದಳು. ಚಮಚ ತಟ್ಟೆಯೊಳಗೆ ಇಟ್ಟಳು. ಯಾವತ್ತಿನಿಂದ ಎಂದು ಕೇಳಿದಳು. ಮೊದಲ ದಿನ ಇರಲಿಲ್ಲ, ಆಮೇಲೆ ದಿನಾ ಎಂದ ಅವನು, ಇನ್ನೂ ನಗುತ್ತಲೇ. ಆಗ ಅವಳು, ನನಗೂ ಯಾವತ್ತೂ ಹೇಳಿರದ ಸಂಗತಿಯನ್ನು ಹೇಳಿದಳು. ಗೋಡೆಯಾಚೆ ಇಷ್ಟು ವರ್ಷ ಇದ್ದೂ ನನಗೆ ತಿಳಿದಿರಲಿಲ್ಲ, ಅದಕ್ಕೆ ನನಗೆ ಒಂದಿಷ್ಟು ಬೇಜಾರೂ ಆಯಿತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳಿಗೂ ಚಮಚದ ಸದ್ದು ಚುಚ್ಚುತ್ತಿತ್ತು. ಕಾರ್ಖಾನೆ ಹೋಯಿತು, ಗಂಡ ಹೋದ, ಈಗ ಊರವರೆದುರು ಇದೊಂದು ಬೇರೆ. ಒಂದು ಬೆಳಗ್ಗೆ ಹಟಕ್ಕೆ ಬಿದ್ದು ಬಾಣಲೆಯಲ್ಲೇ ಹತ್ತಿದಳು. ಚಮಚ ಸುಮ್ಮನಾಯಿತು. ಯಾರೋ ಲೋಟ ಎತ್ತಿ ಗೌರವ ತೋರಿಸಿದರು. ಅದು ಅವಳಿಗೆ ಹಿತವಾಯಿತು. ಆ ಹಿತಕ್ಕಾಗಿ ಬೇಸಿಗೆಯೆಲ್ಲ ಬಾಣಲೆಯಲ್ಲೇ ಹತ್ತಿದಳು, ಚೈನು ಓರೆಯಾಗಿ ಅರಚುತ್ತಿದ್ದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆ ಹಿಡಿದ ಒಂದು ಬೆಳಗ್ಗೆ, ಕಮಾನು ಇನ್ನೇನು ಬಂತು ಎನ್ನುವಾಗ ಚೈನು ಕಿತ್ತಿತು. ಮೊಣಕಾಲು ಕಲ್ಲಿಗೆ ಬಡಿಯಿತು. ಪೊಟ್ಟಣಗಳೆಲ್ಲ ಚರಂಡಿಯ ನೀರಿನಲ್ಲಿ ತೇಲಿ ಒಂದಕ್ಕೊಂದು ಕಲಸಿಹೋದವು. ಕುಂಟುತ್ತ ಕೆಳಗಿಳಿದು, ನೆರೀನಾಳಿಂದ ಎಲ್ಲವನ್ನೂ ಮತ್ತೆ ಕಟ್ಟಿಸಿಕೊಂಡು, ಮತ್ತೆ ಹತ್ತುವಾಗ ಹೊತ್ತು ಬಹಳ ಮೇಲೇರಿತ್ತು.

ಆರ್ಜಿಯಾ ಟೀಚರ್ ಅಷ್ಟು ಹೊತ್ತು ಕಾದು, ಹುಡುಗಿಗೆ ಏನಾಯಿತೋ ಎಂದು ನೋಡಲು ಹೊರಗೆ ಬಂದಿದ್ದರು. ಒದ್ದೆ ಮೆಟ್ಟಿಲು. ದೆಲ್ಮಾ ಹೋದಾಗ ಅವರು ಕೆಳಗಿನ ಮೆಟ್ಟಿಲ ಬಳಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಟೀಚರ್ ಜಾರಿಬಿದ್ದದ್ದು ಊರಿಗೆಲ್ಲ ಗೊತ್ತು. ಯಾಕೆ ಹೊರಗೆ ಬಂದಿದ್ದರು ಎಂಬುದು ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ.

ಟೀಚರ್ ಮನೆಗೆ ಮರಳಿದ ದಿನ ದೆಲ್ಮಾ ಅವರ ಮಂಚದ ಪಕ್ಕದಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ: ಬಾಣಲೆ, ಚೈನು, ಲೋಟ ಎತ್ತಿದ್ದು, ಎಲ್ಲ. ಬೈಗುಳಕ್ಕೆ ಕಾಯುತ್ತ ನಿಂತಿದ್ದಳು. ಟೀಚರ್ ಒಂದೇ ಮಾತು ಹೇಳಿದರಂತೆ.

"ನಾಳೆಯಿಂದ ಆ ಚಮಚದ ಸದ್ದು ನನ್ನ ಕಿಟಕಿಗೆ ಕೇಳಿಸ್ಬೇಕು. ಕೇಳಿಸಿದ್ರೆ ನೀನು ತೊಟ್ಟಿ ದಾಟಿದೆ, ಚೈನು ನೆಟ್ಟಗಿದೆ ಅಂತ ಗೊತ್ತಾಗತ್ತೆ. ನಾನು ಒಳಗೇ ಕೂತು ಕಾಫಿಗಿಡ್ತೀನಿ."

ಅಂದಿನಿಂದ ಟೀಚರ್ ಬೆಳಗಿನಲ್ಲಿ ಹೊರಗೆ ಕಾಲಿಟ್ಟಿರಲಿಲ್ಲ. ಮಂಡಲಿ ಅವಮಾನವೆಂದು ಬಡಿದ ಚಮಚ ಮೇಲಿನ ಕಿಟಕಿಗೆ ಗಂಟೆಯಾಯಿತು. ಬಡಿಯುವವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಅವರಿಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಹೇಳಿದ್ದರೆ ಪಾಪ ಅಂತ ಬಡಿಯುತ್ತಿದ್ದರು, ಪಾಪ ಅಂತ ಬಡಿದ ಚಮಚ ಮೇಲಿನವರೆಗೆ ಕೇಳಿಸುವುದಿಲ್ಲ ಎಂದಳು.

ಒರಿಯಾನೊ ನಿಂತಲ್ಲೇ ನಿಂತಿದ್ದ. ಅಷ್ಟು ದೊಡ್ಡ ಭುಜದವನು ಟೋಪಿಯನ್ನು ಎರಡು ಕೈಯಲ್ಲಿ ಹಿಂಡುತ್ತಿದ್ದ. ಕೊನೆಗೆ, ನಾಳೆಯಿಂದ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋಗುತ್ತೇನೆ ಎಂದ. ದೆಲ್ಮಾ ಸೈಕಲ್ಲನ್ನು ಹತ್ತಿರ ತರಿಸಿಕೊಂಡಳು. ಚೈನನ್ನು ಒಂದೊಂದೇ ಕೊಂಡಿಯಾಗಿ ಬೆರಳಿನಲ್ಲಿ ಜರುಗಿಸುತ್ತ ಬಂದು ಒಂದು ಕಡೆ ನಿಲ್ಲಿಸಿ, ಅವನ ಹೆಬ್ಬೆರಳು ಹಿಡಿದು ಅಲ್ಲಿಟ್ಟಳು. ಕೊಂಡಿಯ ಹೊರಪಟ್ಟಿ ಒಂದು ಬದಿಯಲ್ಲಿ ಬಾಯಿ ಬಿಟ್ಟಿತ್ತು. ಏರಿನ ಮಧ್ಯೆ, ಪೆಡಲಿನ ಮೇಲೆ ಪೂರ್ತಿ ಭಾರ ಹಾಕಿಕೊಂಡೇ ಬಿಲ್ಲೆ ಬದಲಿಸಿದರೆ ಹೀಗೆಯೇ ಆಗುತ್ತದೆ. ಇನ್ನೊಂದೆರಡು ಏರಿನಲ್ಲಿ ಅದು ಕಿತ್ತುಹೋಗುತ್ತಿತ್ತು.

"ಗಂಟೆ ಬಾರಿಸಿದ್ರೆ ಟೀಚರಿಗೆ ಕೇಳಿಸ್ಬಹುದು ಒರಿಯಾನೊ" ಎಂದಳು. "ಚೈನಿಗೆ ಕೇಳಿಸಲ್ಲ."

ಹಾಳಾದ ಕೊಂಡಿ ತೆಗೆದು ಹೊಸದು ಹಾಕುವವರೆಗೂ ಅವನು ನೆಲದ ಮೇಲೆ ಕೂತು ದೀಪ ಹಿಡಿದಿದ್ದ. ಅವನು ಏನೂ ಹೇಳದೆ ಹೊರಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನು ಹೋದ ಮೇಲೆ ದೆಲ್ಮಾ ಟೀಚರಿಗೆ ಫೋನು ಮಾಡಿ ನಾಳೆ ಒಳಗೇ ಇರಿ ಎಂದಳು. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು. ಸದ್ದಿಲ್ಲದೆ ಬರುವವನು ಕಳ್ಳ, ಬರುತ್ತಾನೋ ಇಲ್ಲವೋ ನೋಡದೆ ಹೇಗೆ ಕೂರಲಿ ಎಂದು ಟೀಚರ್ ಗದರುತ್ತಿದ್ದರು.

ಮಾರನೆಯ ಬೆಳಗ್ಗೆ ದೆಲ್ಮಾ ನನ್ನ ಬಾಗಿಲು ತಟ್ಟುತ್ತಾಳೆ. ಕಂಕುಳಲ್ಲಿ ಊರುಗೋಲು, ತಲೆಗೆ ಬಿಗಿದ ವಸ್ತ್ರ. ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಾಫಿ ಅಂಗಡಿಗೆ ಕರೆದುಕೊಂಡು ಹೋಗಬೇಕಂತೆ. ಮೊಣಕಾಲು ಮಡಚದೆ ಸ್ಕೂಟರಿನ ಮೇಲೆ ಅವಳನ್ನು ಒಯ್ದ ಪಾಡನ್ನು ಬೇರೆ ಯಾವಾಗಲಾದರೂ ಬರೆಯುತ್ತೇನೆ. ಅಂತೂ ತಲುಪುತ್ತೇವೆ. ಇಷ್ಟು ವರ್ಷ ಅಂಗಡಿಯ ಮುಂದೆ ಹಾದುಹೋದವಳು ಮೊದಲ ಸಲ ಮಂಡಲಿಯ ಕುರ್ಚಿಯಲ್ಲಿ ಕೂರುತ್ತಾಳೆ. ಎಲ್ಲರೂ ಸ್ವಲ್ಪ ಮುಜುಗರದಿಂದ ಸರಿದು ಜಾಗ ಕೊಡುತ್ತಾರೆ. ನಮ್ಮ ಮನೆಯವರು ಅವಳಿಗೆ ಕಾಫಿ ಹೇಳುತ್ತಾರೆ. ಒರಿಯಾನೊ ಏನು ಮಾಡುತ್ತಾನೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ. ದೆಲ್ಮಾಳ ಕಾಫಿ ಆರುತ್ತಿದೆ, ಅವಳು ಮುಟ್ಟುವುದಿಲ್ಲ. ಮೇಲೆ ಕಮಾನಿನಾಚೆಗೆ ಟೀಚರ ಮನೆಯ ಕಿಟಕಿ ಮುಚ್ಚಿದೆ. ಮೆಟ್ಟಿಲು ಇಲ್ಲಿಂದ ಕಾಣುವುದಿಲ್ಲ.

ಕೆಳಗಿನ ತಿರುವಿನಲ್ಲಿ ಹಸಿರು ಸೈಕಲ್ಲು ಕಾಣಿಸುತ್ತದೆ. ಒರಿಯಾನೊ ತಲೆ ಎತ್ತಿ ಒಮ್ಮೆ ಅಂಗಡಿಯ ಕಡೆ ನೋಡುತ್ತಾನೆ, ದೆಲ್ಮಾ ಕೂತಿರುವುದನ್ನು ಕಾಣುತ್ತಾನೆ. ತೊಟ್ಟಿಗೆ ಹತ್ತು ಮಾರು ಇರುವಾಗ ಅವನ ಕಾಲು ಹಗುರವಾಗುತ್ತದೆ. ಬೆರಳು ಆಡುತ್ತದೆ. 'ಟಕ್'.

ಮಂಡಲಿಯ ಚಮಚಗಳು ಏಳುವುದಿಲ್ಲ. ಚಮಚದ ಪದ್ಧತಿ ತಂದವನಿಗೇ ಚಮಚ ಬಡಿಯುವುದು ಹೇಗೆ? ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒರಿಯಾನೊ ಕಿವಿಯವರೆಗೂ ಕೆಂಪಾಗಿ, ಅಭ್ಯಾಸವಿಲ್ಲದ ಸಣ್ಣ ಸುತ್ತಿನಲ್ಲಿ ಕಾಲು ತಿರುಗಿಸುತ್ತ ಹತ್ತಿ ಬರುತ್ತಿದ್ದಾನೆ. ಚೈನು ಒಂದಿಷ್ಟೂ ಸದ್ದು ಮಾಡುವುದಿಲ್ಲ. ಆಗ ದೆಲ್ಮಾ ತನ್ನ ಚಮಚ ಎತ್ತಿಕೊಂಡು ಬಸಿಯ ಮೇಲೆ ಬಡಿಯುತ್ತಾಳೆ. ಕಣಕಣ ಕಣಕಣ. ನಾನೂ ಬಡಿಯುತ್ತೇನೆ. ಆಮೇಲೆ ನಮ್ಮ ಮನೆಯವರು, ಆಮೇಲೆ ಮಿಕ್ಕವರು, ಯಾಕೆಂದು ತಿಳಿಯದೆಯೇ ಎಲ್ಲರೂ. ಬಸಿಯೊಂದು ಸೀಳಿಯೇ ಹೋಗುತ್ತದೆ. ನನಗೆ ಕಣ್ಣು ತುಂಬಿ ಬಂದು ಒರಿಯಾನೊ ಹಾದುಹೋದದ್ದು ಸರಿಯಾಗಿ ಕಾಣಲಿಲ್ಲ. "ಇನ್ನೂ ಬಡೀರೋ, ನಿಮಗೇನು ಕೈ ಬಿದ್ದೋಗಿದ್ಯಾ" ಎಂದು ಗೊಣಗಿದ್ದು ಮಾತ್ರ ಕೇಳಿಸಿತು.

ಮೇಲಿನ ಕಿಟಕಿಯ ಒಂದು ಬಾಗಿಲು ತೆರೆಯುತ್ತದೆ. ಒಂದು ಮುದಿ ಕೈ ಹೊರಗೆ ಬಂದು, ಕೊಕ್ಕೆ ಸಿಕ್ಕಿಸಿ, ಒಳಗೆ ಹೋಗುತ್ತದೆ. ದೆಲ್ಮಾ ಅದನ್ನು ನೋಡಿ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿಯುತ್ತಾಳೆ. ಕೇಳಬೇಕಾದ ಕೊನೆಯ ಪ್ರಶ್ನೆಯನ್ನು ನಾನು ಕೇಳುತ್ತೇನೆ: ಸೈಕಲ್ಲಿಗೆ ಮರಳಿದ ಮೇಲೆ ಈ ಊರಿನಿಂದ ನಿನಗೆ ಏನಾಗಬೇಕು?

ಅವಳು ಚಮಚವನ್ನು ಒರೆಸಿ ಬಸಿಯ ಪಕ್ಕದಲ್ಲಿಟ್ಟು, ಮಂಡಲಿಯ ಕಡೆ ತಿರುಗುತ್ತಾಳೆ.

"ನಾನು ವಾಪಸ್ ಬಂದಾಗ ಇನ್ನೂ ಸ್ವಲ್ಪ ಜೋರಾಗಿ ಬಡೀರಿ. ಟೀಚರಿಗೆ ಈಚೆಗೆ ಕಿವಿ ಮಂದ ಆಗ್ತಿದೆ."